ನೀರಿನ ಗೋಂದು, ಇಸ್ತ್ರಿ ಪೆಟ್ಟಿಗೆ ಮತ್ತು ನನ್ನ ಪುಷ್ಪಕ್

"ದಾವಣಗೆರೆಲಿ ಬಟ್ಟೆಗೆ ಬರಾನಾ? ಅದನ್ನೂ ಅಮೆರಿಕದಿಂದ ತರಿಸ್ಬೇಕಾ?" ಬಿಲ್ ನೋಡಿ ನಮ್ಮಣ್ಣ ಕೇಳಿದ್ದು ಇಷ್ಟೇ. ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಲ್ಲಿ ಕೂತು 40 ಗಜ ಪಾಲಿಯೆಸ್ಟರ್ ಬಟ್ಟೆಗೆ ಅರವತ್ತು ಸಾವಿರದ ಹತ್ತಿರ ಕೊಟ್ಟಿದ್ದೆ. ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ.

ನನ್ನದು ಎಚ್‌ಎಎಲ್ ಪುಷ್ಪಕ್, ಮೈಗೆ ಬಟ್ಟೆ ಹೊದಿಸಿದ ಪುಟ್ಟ ಹಳೇ ವಿಮಾನ. 1958ರಲ್ಲಿ ಮೊದಲು ಹಾರಿದ ಮಾದರಿ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಚೌಕಟ್ಟಿನ ಟ್ಯೂಬಿನ ತುಕ್ಕು, ರೆಕ್ಕೆಯೊಳಗಿನ ಮರದ ತೊಲೆ (ಸ್ಪಾರ್), ಅದರ ಕಥೆಯೆಲ್ಲ ಬಿಡಿ. ನಾನು ಹೇಳಬೇಕಿರೋದು ಬಟ್ಟೆ ಹೊದಿಸಿದ ಕಥೆ ಮಾತ್ರ.

ನನಗೆ ಕೈ ಹಿಡಿದು ಕಲಿಸಿದ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಮೇಷ್ಟ್ರು ಅಂತೀವಿ. ಜೀವನಪೂರ್ತಿ ಡೋಪ್, ಅಂದರೆ ವಿಮಾನದ ಬಟ್ಟೆ ಬಿಗಿ ಮಾಡುವ ವಾರ್ನಿಷ್, ಹಚ್ಚಿದವರು. "ಡೋಪ್ ಬಿಟ್ಟು ಬೇರೆ ಯಾವುದನ್ನೂ ನಂಬಬೇಡ" ಅಂದರು. ಅವರ ಮಾತು ಕೇಳಿ ಬಾಲದ ಒಂದು ಭಾಗಕ್ಕೆ ಡೋಪ್ ಹಚ್ಚಿದ್ದು ಜುಲೈನಲ್ಲಿ. ಹೊರಗೆ ಜಿಟಿಜಿಟಿ ಮಳೆ. ಹಚ್ಚಿದ ಅರ್ಧ ಗಂಟೆಗೆ ಮೈಯೆಲ್ಲ ಬಿಳಿ ಬಿಳಿ, ಬೂದಿ ಬಳಿದ ಹಾಗೆ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಎಳ್ಕೊಂಡಿತ್ತು. ಆರೋದನ್ನು ನಿಧಾನ ಮಾಡುವ ರಿಟಾರ್ಡರ್ ಹಾಕಿ ಮತ್ತೆ ಹಚ್ಚಿದೆ. ಮತ್ತೆ ಅದೇ. ಹನ್ನೊಂದು ಸಾವಿರ ನೀರಲ್ಲಿ ಹೋಮ.

ಅದಕ್ಕಿಂತ ದೊಡ್ಡ ತಲೆನೋವು ಬೆಂಕಿ. ನನ್ನ ಶೆಡ್ಡಿನಿಂದ ಇನ್ನೂರು ಅಡಿ ದೂರದಲ್ಲಿ ಮಂಡಕ್ಕಿ ಭಟ್ಟಿ. ಒಲೆ ಉರೀತಾ ಇರುತ್ತೆ, ಗಾಳಿ ಈ ಕಡೆ ತಿರುಗಿದರೆ ಕಿಡಿಯೂ ಬರುತ್ತೆ, ಮಸಿಯೂ ಬರುತ್ತೆ. ಅಲ್ಲಿ ಕಿಡಿ ತಾಗಿದರೆ ಭಗ್ ಅನ್ನುವ ನೈಟ್ರೇಟ್ ಡೋಪ್ ಹತ್ತು ಲೀಟರ್ ಬಿಚ್ಚಿಟ್ಕೊಂಡು ಕೂರೋದು ಅಂದರೆ ಏನು ಅಂತ ನಿಮಗೇ ಗೊತ್ತು. ಪಕ್ಕದ ಮನೆ ಅತ್ತಿಗೆ ಥಿನ್ನರ್ ವಾಸನೆಗೆ ಬಂದು ಬೈದು ಹೋದ ಮೇಲೆ ಡೋಪಿನ ಆಸೆ ಬಿಟ್ಟೆ.

ಡೋಪಿನ ಬದಲು ಬಳಸೋ ಪಾಲಿ ಫೈಬರ್ ಅನ್ನೋ ಹೊದಿಕೆ ಸಿಸ್ಟಮ್ ಒಳ್ಳೇದೇ. ಎಷ್ಟೋ ಜನರ ಕೈಯಲ್ಲಿ ಪಳಗಿದ್ದು, ತಪ್ಪಾದರೆ ತಿದ್ದೋದೂ ಸುಲಭ. ಆದರೆ ಅದೂ ಥಿನ್ನರಿನದೇ ಸಂಸಾರ. ಹೊತ್ತಿ ಉರಿಯುವ ಡಬ್ಬಿ ಅಂದ ತಕ್ಷಣ ವಿಮಾನದ ಪಾರ್ಸೆಲ್‌ನವರು ಕೈ ಎತ್ತುತ್ತಾರೆ. ಹಡಗಲ್ಲಿ ತರಿಸಿದರೆ ಸಾಗಣೆ ಖರ್ಚೇ ಡಬ್ಬಿಯ ಬೆಲೆ ದಾಟುತ್ತೆ. ಜರ್ಮನಿಯ ಒರಾಟೆಕ್ಸ್ ಅನ್ನೋ ಹೊದಿಕೆ ಬಟ್ಟೆಯ ಬೆಲೆ ಕೇಳಿದೆ. ಬಣ್ಣ ಬಟ್ಟೆಯಲ್ಲೇ ಬಂದಿರುತ್ತೆ, ಕೆಲಸ ಅರ್ಧ ಉಳಿಯುತ್ತೆ. ನನಗೆ ಬಂದ ಅಂದಾಜು ನೋಡಿ ಎರಡು ದಿನ ಆ ಮಾತೇ ಎತ್ತಲಿಲ್ಲ.

ಉಳಿದದ್ದು ಸ್ಟುವರ್ಟ್‌ನವರ ನೀರಿನ ಸಿಸ್ಟಮ್. ಎಕೋಬಾಂಡ್ ಗೋಂದು, ಬಿಸಿಲು ತಡೆಯೋ ಎಕೋಫಿಲ್ ಕೋಟು, ಮೇಲೆ ಎಕೋಪಾಲಿ ಬಣ್ಣ. ಮೇಷ್ಟ್ರು ಕೇಳಿ ನಕ್ಕರು. "ನೀರಿನ ಗೋಂದು ನಂಬ್ಕೊಂಡು ಮೇಲಕ್ಕೆ ಹೋಗ್ತೀಯೇನಪ್ಪಾ? ಪೋಸ್ಟ್ ಆಫೀಸಲ್ಲಿ ಸ್ಟಾಂಪು ಅಂಟಿಸಿದ ಹಾಗಲ್ಲ ಇದು." ಬೆಂಗಳೂರಿನ ಇಬ್ಬರು ಗೆಳೆಯರೂ ಅದೇ ರಾಗ. ನಾನು ಸುಮ್ನೆ ಆರ್ಡರ್ ಹಾಕಿದೆ.

ಪಾರ್ಸೆಲ್ ಬರುವವರೆಗೆ ಕೈ ಸುಮ್ಮನಿರಲಿಲ್ಲ. ಎರಡಡಿ ಚೌಕದ ಮರದ ಫ್ರೇಮು ಆರು ಮಾಡಿ ಮನೆ ಮೇಲೆ ಬಿಸಿಲಿಗೆ ಇಟ್ಟೆ. ಅಣ್ಣನ ಸಮಾಧಾನಕ್ಕೆ ಊರಿನ ಅಂಗಡಿಯ ಪಾಲಿಯೆಸ್ಟರ್ ಲೈನಿಂಗ್ ಬಟ್ಟೆಯನ್ನೂ ಒಂದಕ್ಕೆ ಎಳೆದು ಕಟ್ಟಿದೆ. ಇಸ್ತ್ರಿ ಹಾಕಿದರೆ ಸರಿಯಾಗಿ ಬಿಗಿಯಾಗಲೇ ಇಲ್ಲ. ಅಂಗಿಗೆ ಬರೋ ಬಟ್ಟೆಯನ್ನು ಮಿಲ್ಲಿನಲ್ಲೇ ಬಿಸಿ ಮಾಡಿ ಕೂರಿಸಿರುತ್ತಾರೆ, ಅದು ಇನ್ನೆಷ್ಟು ಕುಗ್ಗೀತು? ಹತ್ತಿಯ ಲಾಂಗ್‌ಕ್ಲಾತಿಗೆ ಗಂಜಿ ಹಾಕಿಯೂ ನೋಡಿದೆ, ನಗಬೇಡಿ. ಮಧ್ಯಾಹ್ನ ಡೋಲು, ಬೆಳಗಿನ ಇಬ್ಬನಿಗೆ ಜೋಲು. ವಿಮಾನದ ಬಟ್ಟೆಯದೇ ಒಂದು ತುಂಡು ಆಮೇಲೆ ಸಿಕ್ಕಿತ್ತು. ಏನೂ ಬಳಿಯದೆ ಬಿಸಿಲಿಗೆ ಬಿಟ್ಟೆ. ಆರೇಳು ತಿಂಗಳಿಗೆ ಹೆಬ್ಬೆರಳು ಒತ್ತಿದರೆ ಪರ್ ಅಂತ ಹರಿಯಿತು. ಬಿಸಿಲು ತಡೆಯುವ ಕೋಟಿನಲ್ಲಿ ಜಿಪುಣತನ ಮಾಡೋರು ಇದನ್ನೊಮ್ಮೆ ನೋಡಬೇಕು.

ಈಗ ನನ್ನ ದಡ್ಡತನ. 120, 150, 175 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೂರು ಸಲ ಇಸ್ತ್ರಿ ಹಾಕಿ ಬಟ್ಟೆ ಬಿಗಿ ಮಾಡಬೇಕು, ಅಲ್ವಾ? ಇಸ್ತ್ರಿ ಪೆಟ್ಟಿಗೆಯ ಬಿಸಿಯನ್ನು ಇನ್‌ಫ್ರಾರೆಡ್ ಗನ್ನಿನಲ್ಲಿ ನೋಡಿದೆ. ತಳ ಕನ್ನಡಿಯ ಹಾಗೆ ಹೊಳೀತಿತ್ತು. ಹೊಳೆಯೋ ಲೋಹದ ಮುಂದೆ ಆ ಗನ್ನು ಸುಳ್ಳು ಹೇಳುತ್ತೆ, ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತೆ. ಗನ್ನು 120 ಅಂದಾಗ ನಿಜವಾಗಿ ಎಷ್ಟಿತ್ತೋ! ಎಲಿವೇಟರಿನ (ಮೂತಿ ಮೇಲೆ ಕೆಳಗೆ ಮಾಡೋ ಬಾಲದ ಹಲಗೆ) ಬಟ್ಟೆ ಕಿರ್ರನೆ ಎಳ್ಕೊಂಡು ಹಿಂದಿನ ಅಂಚು ಬಿಲ್ಲಿನ ಹಾಗೆ ಬಾಗಿತು. ಬಟ್ಟೆ ಹೋಯಿತು, ಅಂಚು ಹೋಯಿತು, ವಾರ ಹೋಯಿತು. ಆಮೇಲೆ ಮಲ್ಟಿಮೀಟರಿನ ಬಿಸಿ ಅಳೆಯೋ ತಂತಿಯನ್ನು (ಥರ್ಮೋಕಪಲ್) ತಳಕ್ಕೇ ತಾಗಿಸಿ ನೋಡಿ, ಡಯಲ್ಲಿನ ಮೇಲೆ ಮಾರ್ಕರಿನಲ್ಲಿ ಮೂರು ಗೆರೆ ಎಳೆದೆ. ಆ ಪೆಟ್ಟಿಗೆಯನ್ನು ಮನೆಯವಳು ಸೀರೆಗೆ ಮುಟ್ಟೋ ಹಾಗಿಲ್ಲ.

ಗೋಂದಿನ ವಿಷಯಕ್ಕೆ ಬಂದರೆ, ಮೇಷ್ಟ್ರ ನಗು ನಿಂತಿದ್ದು ಇಲ್ಲೇ. ಟ್ಯೂಬಿಗೆ ಹಚ್ಚಿ ಪೂರ್ತಿ ಒಣಗಲು ಬಿಟ್ಟು, ಮೇಲೆ ಬಟ್ಟೆ ಹಾಸಿ ಸಣ್ಣ ಇಸ್ತ್ರಿ ತಾಗಿಸಿದರೆ ಮತ್ತೆ ಕಚ್ಚಿಕೊಳ್ಳುತ್ತೆ. ಸೊಟ್ಟ ಕೂತರೆ ಬಿಸಿ ಮಾಡಿ ಎಬ್ಬಿಸಬಹುದು. ಅವಸರವಿಲ್ಲ, ಕೆಮ್ಮಿಲ್ಲ. ರೆಕ್ಕೆಯ ತುದಿಯ ಉಬ್ಬಿನಲ್ಲಿ ಒಂದು ನೆರಿಗೆಯೂ ಇಲ್ಲದೆ ಕೂರಿಸಿದ್ದೇನೆ. ಅದು ಹೇಗೆ ಅಂತ ಮಾತ್ರ ಬೆಣ್ಣೆ ದೋಸೆ ಕೊಡಿಸಿದವರಿಗೇ ಹೇಳೋದು.

ಬಟ್ಟೆಯನ್ನು ರೆಕ್ಕೆಯ ಪಕ್ಕೆಲುಬುಗಳಿಗೆ ಬಿಗಿಯುವ ರಿಬ್ ಹೊಲಿಗೆಗೆ ಹಾಸಿಗೆ ಹೊಲಿಯುವ ಚಾಚಾ ಒಬ್ಬರನ್ನು ಕರೆದೆ. ಉದ್ದನೆ ದಬ್ಬಣ ಅವರ ಕೈಯಲ್ಲಿ ಮೀನಿನ ಹಾಗೆ ಓಡುತ್ತೆ. ಗಂಟು ಮಾತ್ರ ನಾನು ಕಲಿಸಿದೆ. ಎರಡನೇ ದಿನಕ್ಕೆ ನನಗಿಂತ ಚೆನ್ನಾಗಿ ಹಾಕ್ತಿದ್ದರು. ಪ್ರೊಪೆಲ್ಲರ್ ಗಾಳಿ ಬೀಳುವ ಕಡೆ ಎರಡೂವರೆ ಇಂಚಿಗೊಂದು, ಹೊರಗೆ ಸ್ವಲ್ಪ ಜಾಸ್ತಿ ಅಂತರ. ಎರಡೂ ರೆಕ್ಕೆಗೆ 550 ಗಂಟು ಇರಬಹುದು. ದಿನಕ್ಕೆ 900 ರೂಪಾಯಿ, ಐದು ದಿನ. ಇಡೀ ಕೆಲಸದಲ್ಲಿ ನಾನು ಖುಷಿಯಿಂದ ಕೊಟ್ಟ ದುಡ್ಡು ಅದೊಂದೇ.

ಏಪ್ರಿಲ್‌ನಲ್ಲಿ ಎಕೋಫಿಲ್ ಹೊಡೆಯಲು ಹೋಗಿ ಮತ್ತೆ ಕೆಟ್ಟೆ. 38 ಡಿಗ್ರಿ, ಒಣ ಹವೆ. ಸ್ಪ್ರೇ ಗನ್ನಿಂದ ಹೊರಟ ಹನಿ ಬಟ್ಟೆ ತಲುಪುವ ಮೊದಲೇ ಒಣಗಿ ಉಪ್ಪುಕಾಗದದ ಹಾಗೆ ಕೂತಿತು. ಎರಡು ದಿನ ತಿಕ್ಕಿದೆ. ಆಮೇಲೆ ಬೆಳಿಗ್ಗೆ ಐದಕ್ಕೆ ಎದ್ದು, ನೆಲಕ್ಕೆ ನೀರು ಹೊಡೆದು, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ, ಎಂಟರೊಳಗೆ ಮುಗಿಸಿದೆ. ತಣ್ಣಗೂ ಆಯ್ತು, ಭಟ್ಟಿಯ ಮಸಿಯೂ ತಾಟಿಗೇ ಹತ್ತಿತು. ಗೋಂದಿಗೂ ಆ ಬಿಸಿಲಲ್ಲಿ ಎಷ್ಟು ನೀರು ಸೇರಿಸಬೇಕು ಅನ್ನೋ ಲೆಕ್ಕ ನನ್ನದೊಂದಿದೆ. ಅದು ಇರಲಿ. ಒಂದು ಎಚ್ಚರಿಕೆ ಮಾತ್ರ ಬಚ್ಚಿಡಲ್ಲ: ನೀರಿನದು ಅಂತ ಮಾಸ್ಕ್ ಬಿಡಬೇಡಿ. ಮೇಲಿನ ಬಣ್ಣಕ್ಕೆ ಬೆರೆಸುವ ಹಾರ್ಡನರಿನಲ್ಲಿ ಶ್ವಾಸಕೋಶ ಕೆಡಿಸೋ ಐಸೋಸೈನೇಟ್ ಇದೆ.

ಒಟ್ಟು ಖರ್ಚು ಕಸ್ಟಮ್ಸ್ ಸೇರಿ ನಾಲ್ಕೂಮುಕ್ಕಾಲು ಲಕ್ಷ ಮುಟ್ಟಿತು. ಅದರಲ್ಲಿ ನಲವತ್ತು ಸಾವಿರವಾದರೂ ನನ್ನ ತಪ್ಪುಗಳ ಫೀಸು. ರೆಕ್ಕೆಯನ್ನು ಅಕ್ಕಿ ಗಿರಣಿಯ ತಕ್ಕಡಿ ಮೇಲಿಟ್ಟು ತೂಗಿದೆವು. ಹೊದಿಕೆಯ ತೂಕ ಒಂದಕ್ಕೆ ಐದು ಕೇಜಿ ಚಿಲ್ಲರೆ. ಕಿತ್ತು ಹಾಕಿದ ಹಳೇ ಡೋಪ್ ಬಟ್ಟೆ ಏಳು ದಾಟಿತ್ತು.

ಕೆಲಸ ಸರಿಯಿದೆ ಅಂತ ಸಹಿ ಹಾಕುವ ಎಂಜಿನಿಯರ್ ಬೆಂಗಳೂರಿನಿಂದ ಬಂದರು. ರೆಕ್ಕೆಯ ಒಳಗೆ ಬಲ್ಬ್ ಬಿಟ್ಟು ಹೊರಗೆ ಬೆಳಕು ತೂರುತ್ತಾ ನೋಡಿದರು. ಎಲ್ಲೂ ಇಲ್ಲ. ಅಂಟಿಸಿ ಇಟ್ಟಿದ್ದ ಸ್ಯಾಂಪಲ್ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಎಳೆದರು. ಕಾಲು ಕೊಟ್ಟು ಎಳೆದರೂ ಬರಲಿಲ್ಲ. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಬೆರಳಲ್ಲಿ ರೆಕ್ಕೆ ಬಾರಿಸಿ, "ಡೋಪ್ ಆಗಿದ್ರೆ ಇನ್ನೂ ಸ್ವಲ್ಪ ಗಣಗಣ ಅಂತಿತ್ತು" ಅಂದರು. ಅಷ್ಟಕ್ಕೇ ಬಿಟ್ಟರು.

ಆರು ಗಜ ಬಟ್ಟೆ, ಅರ್ಧ ಡಬ್ಬಿ ಗೋಂದು ಉಳಿದಿದೆ. ತೇಪೆಗೆ ಬೇಕಾಗುತ್ತೆ, ಯಾರೂ ಕೇಳಬೇಡಿ.