ದಿನಕ್ಕೆ ಹತ್ತು ರೂಪಾಯಿ, ತಿಂಗಳಿಗೊಂದು ಪುಸ್ತಕ

ದಿನಾ ಚೂರುಚೂರು ದುಡ್ಡು ಕಟ್ಟಿಸಿಕೊಳ್ಳೋ ಪಿಗ್ಮಿಯನ್ನು ಪುಸ್ತಕಕ್ಕೂ ಮಾಡಬಹುದು ಅಂದಾಗ, ಪುಸ್ತಕದಂಗಡಿ ಇಟ್ಟ ನಮ್ಮ ಧಂದೆಯವರೇ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ, ನಿನ್ನ ಪಿಗ್ಮಿ ಕಾರ್ಡಿಂದು ಒಂದು ಫೋಟೋ ಕಳಿಸು ಅಂತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಬರೆದುಬಿಡುತ್ತೇನೆ.

ಹಾವೇರಿ ಜಿಲ್ಲೆಯ ಸಣ್ಣ ಊರು ನಮ್ಮದು. ಅಂಗಡಿಯ ಬಾಡಿಗೆ ಹುಟ್ಟುತ್ತಿದ್ದದ್ದು ಗೈಡು, ನೋಟ್‌ಬುಕ್ಕು, ಪಿಡಿಒ ಪರೀಕ್ಷೆಯ ಪುಸ್ತಕಗಳಿಂದ. ಕತೆ, ಕಾದಂಬರಿ ಹಿಂದಿನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಅದರಲ್ಲಿ ಒಂದೂವರೆ ಲಕ್ಷದಷ್ಟು ದುಡ್ಡು ಸಿಕ್ಕಿಕೊಂಡಿತ್ತು.

ಮಾಡದ ಸರ್ಕಸ್ಸಿಲ್ಲ. ನವೆಂಬರ್ ಪೂರ್ತಿ ಶೇ 20 ರಿಯಾಯಿತಿ ಬೋರ್ಡ್ ಹಾಕಿದೆ. ಬಂದವರು ಹೇಗೂ ಕೊಳ್ಳುತ್ತಿದ್ದ ಅದೇ ಮೇಷ್ಟ್ರುಗಳು. ಹೊಸಬರಿಲ್ಲ, ನನ್ನ ಮಾರ್ಜಿನ್ ಮಾತ್ರ ಹೋಯಿತು. ಚಹಾ ಕೊಟ್ಟರೆ ಜನ ಕೂರುತ್ತಾರೆ ಅಂದರು. ಕೂತರು, ಪೇಪರ್ ಓದಿದರು, ಎದ್ದು ಹೋದರು. ಬಾಡಿಗೆಗೆ ಕೊಟ್ಟ ಪುಸ್ತಕ ಮದುವೆ ಮನೆಯ ಚಪ್ಪಲಿ ಥರ, ಹೋದದ್ದು ಹೋದಂಗೇ. ಒಂದು ಶಾಲೆಯಲ್ಲಿ ಪ್ರದರ್ಶನ ಇಟ್ಟು ಮಾರಿದ ಹನ್ನೆರಡು ಸಾವಿರದ ಬಿಲ್ಲು ಕೈಗೆ ಬರೋ ಹೊತ್ತಿಗೆ ವರ್ಷ ದಾಟಿತ್ತು. ಗ್ರಂಥಾಲಯದ ಸಗಟು ಖರೀದಿ ನಂಬಿ ಕೂತವರ ಪಾಡೂ ಅಷ್ಟೇ.

ಪಿಗ್ಮಿ ನಮ್ಮ ನಾಡಿನದೇ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ ಮನೆಬಾಗಿಲಿಗೇ ಹೋಗಿ ದಿನಕ್ಕೆ 2 ಆಣೆ ವಸೂಲಿ ಮಾಡಿ ಶುರು ಮಾಡಿದ್ದು. ಮುಂಗಡ ಕಟ್ಟಿ ಪುಸ್ತಕ ತರಿಸಿಕೊಳ್ಳೋದೂ ಹೊಸದಲ್ಲ. 1933ರಲ್ಲಿ ಶುರುವಾದ ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೇ ಬೆಳೆಯಿತು. ಇನ್ನು ನಮ್ಮ ಸೀಮೆಯ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಬೈಕ್ ಮೇಲೆ ನಾಲ್ಕು ಗಲ್ಲಿ ತಿರುಗೋಕೆ ನನಗೇನು ಧಾಡಿ? ಮೂರನ್ನೂ ಸೇರಿಸಿದೆ.

ಕಾರ್ಡಿನಲ್ಲಿ 25 ಮನೆ, ಅಂದರೆ ಚೌಕ; ದಿನಕ್ಕೊಂದು ಮನೆ, ಮನೆಗೆ ಹತ್ತು ರೂಪಾಯಿ. ತುಂಬಿದರೆ 250ರೊಳಗಿನ ಪುಸ್ತಕ. ಇದು ಡಿಪಾಸಿಟ್ ಅಲ್ಲ, ಬಡ್ಡಿ ಇಲ್ಲ, ಪುಸ್ತಕದ ಮುಂಗಡ ಅಂತ ಕಾರ್ಡಿನ ಮೇಲೆ ದಪ್ಪಗೆ ಅಚ್ಚು ಹಾಕಿಸಿ. ಇಲ್ಲದಿದ್ದರೆ ಸುಮ್ನೆ ತಲೆನೋವು.

ಮೊದಲು ಇಪ್ಪತ್ತು ಕಾರ್ಡ್ ಹೋದವು. ಅರ್ಧಕ್ಕರ್ಧ ಜನ ಹತ್ತನೇ ಮನೆ ದಾಟಲಿಲ್ಲ. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿದೆ. ಐದನೇ ಮನೆಗೇ ಪುಸ್ತಕ ಆರಿಸಲಿ, ಅವರ ಹೆಸರಿನ ಚೀಟಿ ಹಚ್ಚಿ ಬಾಗಿಲ ಎದುರಿನ ಕಪಾಟಿನಲ್ಲಿ ಇಟ್ಟುಬಿಡೋದು. ದಾರೀಲಿ ಹೋಗೋರಿಗೆಲ್ಲ ಹೆಸರು ಕಾಣುತ್ತೆ, ಅಲ್ವಾ? ಅಲ್ಲಿಗೆ ಮಧ್ಯದಲ್ಲಿ ಬಿಡೋರು ನೂರಕ್ಕೆ ಏಳೆಂಟು ಜನಕ್ಕೆ ಇಳಿದರು. ಹೊಸಬರಿಗೆ ಮೊದಲು ಯಾವ ಎರಡು ಪುಸ್ತಕ ತೋರಿಸುತ್ತೇನೆ ಅನ್ನೋದನ್ನು ಮಾತ್ರ ಕೇಳಬೇಡಿ, ಹೇಳಲ್ಲ.

ಬಸ್ ಸ್ಟ್ಯಾಂಡ್ ಹತ್ತಿರದ ಟೇಲರ್ ಒಬ್ಬರು "ನಮ್ಮಂಥೋರು ಪುಸ್ತಕ ಓದಿ ಏನ್ ಮಾಡೋದೈತ್ರಿ ಅಣ್ಣಾರ?" ಅಂದಿದ್ದರು. ದಾಕ್ಷಿಣ್ಯಕ್ಕೆ ಕಾರ್ಡ್ ತಗೊಂಡರು. ಮೊದಲು ಒಯ್ದದ್ದು ಪತ್ತೇದಾರಿ ಕಾದಂಬರಿ. ಕರೆಂಟ್ ಹೋದಾಗ ಮೋಟರ್ ಮಶಿನ್ ನಿಲ್ಲುತ್ತೆ, ಆಗ ಬಾಗಿಲ ಬೆಳಕಿಗೆ ಕೂತು ಜೋರಾಗಿ ಓದೋರು. ಒಳಗೆ ಕಾಜಾ ಹೊಲಿಯೋ ಹೆಂಗಸರು, ಕರೆಂಟ್ ಬಂದರೂ "ಅದೊಂದು ಪುಟ ಮುಗಸ್ರಿ" ಅಂತ ಗಂಟು ಬೀಳೋರು. ಅವರಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಕೆ ಒಬ್ಬಳು ತನ್ನದೇ ಕಾರ್ಡ್ ಮಾಡಿಸಿದಳು. ನಾಲ್ಕೈದು ಕಾದಂಬರಿ ಆದಮೇಲೆ ಬಂದು, "ಎಸ್ಸೆಸ್ಸೆಲ್ಸಿ ಖಾಸಗಿ ಕಟ್ಟೇನಿ, ಗೈಡ್ ಕೊಡ್ರಿ" ಅಂದಳು. ಕಾರ್ಡಿನ ಮೇಲೆ ಗೈಡ್ ಇಲ್ಲ ಅನ್ನೋದು ನನ್ನ ನಿಯಮ. ಆಕೆಗೆ ಮಾತ್ರ ಕೊಟ್ಟೆ. ಗಣಿತ ಎರಡನೇ ಸಲಕ್ಕೆ ಪಾಸಾಯಿತು. ಕಾಜಾ ಈಗಲೂ ಹೊಲೀತಾಳೆ, ಟೇಲರ್ ಅಂಗಡಿಯ ಲೆಕ್ಕದ ಪುಸ್ತಕವೂ ಆಕೆಯ ಕೈಯಲ್ಲೇ.

ಕಟಿಂಗ್ ಶಾಪಿನಲ್ಲೂ ನಾಲ್ಕೈದು ಸಣ್ಣಕತೆ ಪುಸ್ತಕ ಇಟ್ಟು ನೋಡಿದೆ. ಕತೆ ಅರ್ಧ ಆಗೋ ಹೊತ್ತಿಗೆ ಪಾಳಿ ಬರುತ್ತೆ, ಉಳಿದರ್ಧಕ್ಕೆ ನನ್ನ ಅಂಗಡಿಗೆ ಬರಬೇಕು. ಹತ್ತು ಹನ್ನೆರಡು ಕಾರ್ಡ್ ಹುಟ್ಟಿದವು. ಎರಡು ಪುಸ್ತಕ ಮಾಯ. ಕದ್ದವನು ಓದಿದ್ದರೆ ಅಡ್ಡಿಯಿಲ್ಲ.

ಈಗ ನೂರಾನಲವತ್ತರ ಆಸುಪಾಸು ಕಾರ್ಡ್ ಓಡುತ್ತಿವೆ. ತಿಂಗಳಿಗೆ 35 ಸಾವಿರದ ವ್ಯಾಪಾರ. ಪ್ರಕಾಶಕರು ನಮಗೆ ಬೆಲೆಯಲ್ಲಿ ಬಿಡೋದು ಶೇ 30ರಿಂದ 35, ಸ್ವಲ್ಪ ಜಾಸ್ತಿ ಬಿಡಿಸಿಕೊಳ್ಳೋಕೂ ಒಂದು ದಾರಿ ಇದೆ, ಅದು ಇನ್ನೊಮ್ಮೆ. ವಸೂಲಿ ಹುಡುಗನಿಗೆ ಕಾರ್ಡಿಗೆ 20 ರೂಪಾಯಿ. ಸಾಗಣೆ ಕಳೆದು ಏಳೆಂಟು ಸಾವಿರ ಕೈಯಲ್ಲಿ ನಿಲ್ಲುತ್ತೆ. ಬಾಡಿಗೆ ಈಗ ಕಾದಂಬರಿಗಳೇ ಕಟ್ಟುತ್ತಿವೆ ಸ್ವಾಮಿ, ಗೈಡ್ ಅಲ್ಲ.

ಹೊಡೆತ ಬೀಳೋದು ಸಾಗಣೆಯಲ್ಲೇ. 2024ರ ಡಿಸೆಂಬರ್‌ನಲ್ಲಿ ಪುಸ್ತಕಕ್ಕೆ ಕಡಿಮೆ ದರ ಇದ್ದ ಅಂಚೆಯ ಬುಕ್ ಪೋಸ್ಟ್ ನಿಂತು, ಬಿಡಿ ಪುಸ್ತಕ ತರಿಸೋದು ದುಬಾರಿಯಾಯಿತು. ಈಗ ಧಾರವಾಡ, ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂಡಲ್ ಹಾಕಿಸುತ್ತೇನೆ. ಅಕ್ಕಪಕ್ಕದ ತಾಲ್ಲೂಕಿನವರು ಯಾರಾದರೂ ಜೊತೆಯಾದರೆ ಖರ್ಚು ಅರ್ಧ ಆಗುತ್ತೆ. ಕಾರ್ಡಿನ ನಮೂನೆಯನ್ನೂ ಕೊಡುತ್ತೇನೆ. ನನ್ನ ಗಲ್ಲಿಗೆ ಮಾತ್ರ ವಸೂಲಿಗೆ ಬರಬೇಡಿ.