‘ಅಂಡರ್‌ಪಿನ್’ ಬಳಸುವ ಬಗೆ: ರಾಜಕೀಯ, ಆರ್ಥಿಕ ಬರಹಗಾರರಿಗೆ

ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯ ಪುಟದಲ್ಲಿ, ಬಜೆಟ್ ವಿಶ್ಲೇಷಣೆಯಲ್ಲಿ, ತೀರ್ಪುಗಳ ಮೇಲಿನ ಲೇಖನದಲ್ಲಿ ‘ಅಂಡರ್‌ಪಿನ್’ ಎಂಬ ಕ್ರಿಯಾಪದ ಪದೇ ಪದೇ ಎದುರಾಗುತ್ತದೆ. ಓದುವಾಗ ಅರ್ಥವಾಗುತ್ತದೆ, ಬರೆಯಲು ಹೋದಾಗ ಕೈಕೊಡುತ್ತದೆ. ನಿಘಂಟುಗಳು ‘ಆಧಾರ ಕೊಡು, ಬೆಂಬಲಿಸು’ ಎಂದಷ್ಟೇ ಹೇಳಿ ಸುಮ್ಮನಾಗುವುದೇ ಇದಕ್ಕೆ ಮುಖ್ಯ ಕಾರಣ.

ಪದ ಹುಟ್ಟಿದ್ದು ಕಟ್ಟಡದ ಕೆಲಸದಲ್ಲಿ. ನಿಂತಿರುವ ಗೋಡೆಯ ಪಾಯ ಕುಸಿಯತೊಡಗಿದರೆ, ಅದರ ಅಡಿಯ ಮಣ್ಣನ್ನು ತುಂಡು ತುಂಡಾಗಿ ತೆಗೆದು, ಹೊಸ ಕಾಂಕ್ರೀಟನ್ನೋ ಕಲ್ಲನ್ನೋ ತುಂಬಿ ಭಾರವನ್ನು ಗಟ್ಟಿ ನೆಲಕ್ಕೆ ಇಳಿಸುವುದೇ ಅಂಡರ್‌ಪಿನ್ನಿಂಗ್. ಇಡೀ ಉದ್ದವನ್ನು ಒಮ್ಮೆಲೇ ಅಗೆದರೆ ಗೋಡೆ ಕೂರುತ್ತದೆ. ಆದ್ದರಿಂದ ಸುಮಾರು ಒಂದು ಮೀಟರಿನ ತುಂಡುಗಳನ್ನು ಬಿಟ್ಟು ಬಿಟ್ಟು ಅಗೆಯುತ್ತಾರೆ. ಇಂಗ್ಲೆಂಡಿನ ವಿಂಚೆಸ್ಟರ್ ಕ್ಯಾಥೆಡ್ರಲ್ ಹೀಗೆಯೇ ಉಳಿದುಕೊಂಡಿತು. ವಿಲಿಯಂ ವಾಕರ್ ಎಂಬ ಮುಳುಗುಗಾರ 1906ರಿಂದ 1911ರವರೆಗೆ ಪಾಯದಡಿಯ ಕತ್ತಲ ನೀರಿಗಿಳಿದು ಕಾಂಕ್ರೀಟ್ ಚೀಲಗಳನ್ನು ಜೋಡಿಸಿದ. ಮೇಲೆ ನಿಂತು ನೋಡಿದವರಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ಪದದ ಸ್ವಭಾವವೂ ಹಾಗೆಯೇ: ಮೇಲೊಂದು ರಚನೆ ಇರಬೇಕು, ಕೆಳಗಿನದು ಅದರ ಭಾರ ಹೊರುತ್ತಿರಬೇಕು, ಮೇಲುನೋಟಕ್ಕೆ ಅದು ಸಾಮಾನ್ಯವಾಗಿ ಕಾಣದು.

ಹಾಗಾಗಿ ಬರೆಯುವ ಮುನ್ನ ಒಂದು ಪರೀಕ್ಷೆ ಮಾಡಿಕೊಳ್ಳಿ. ಕೆಳಗಿನದನ್ನು ಎಳೆದು ತೆಗೆದರೆ ಮೇಲಿನದು ಉಳಿಯುತ್ತದೆಯೇ? ಉಳಿಯುವುದಾದರೆ ‘ಸಪೋರ್ಟ್’ ಸಾಕು. ದೇಶಗಳ ನಡುವಿನ ಹಣದ ವಿನಿಮಯಕ್ಕೆಂದು 1944ರಲ್ಲಿ ಒಪ್ಪಿಕೊಂಡ ಬ್ರೆಟನ್ ವುಡ್ಸ್ ವ್ಯವಸ್ಥೆಯಲ್ಲಿ ವಿದೇಶಿ ಸರ್ಕಾರಗಳು ಔನ್ಸಿಗೆ 35 ಡಾಲರಿನಂತೆ ಡಾಲರನ್ನು ಚಿನ್ನಕ್ಕೆ ಬದಲಾಯಿಸಿಕೊಳ್ಳಬಹುದಿತ್ತು. ಉಳಿದ ದೇಶಗಳ ಹಣ ಡಾಲರಿಗೆ ಕಟ್ಟಿಕೊಂಡಿತ್ತು. 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಆ ಸೌಲಭ್ಯವನ್ನು ನಿಲ್ಲಿಸಿದರು. ಸ್ಥಿರ ವಿನಿಮಯ ದರಗಳು 1973ರ ಹೊತ್ತಿಗೆ ಮುರಿದುಬಿದ್ದವು. ಇಲ್ಲಿ ‘ಗೋಲ್ಡ್ ಕನ್ವರ್ಟಿಬಿಲಿಟಿ ಅಂಡರ್‌ಪಿನ್ಡ್ ದ ಬ್ರೆಟನ್ ವುಡ್ಸ್ ಸಿಸ್ಟಮ್’ ಎಂದು ಧೈರ್ಯವಾಗಿ ಬರೆಯಬಹುದು. ಮುಗಿದುಹೋದ ವ್ಯವಸ್ಥೆಯಾದ್ದರಿಂದ ಭೂತಕಾಲ. ಇಂದಿಗೂ ನಿಂತಿರುವುದಕ್ಕೆ ವರ್ತಮಾನಕಾಲ, ಅಂದರೆ ‘ಅಂಡರ್‌ಪಿನ್ಸ್’. ‘ಈಸ್ ಅಂಡರ್‌ಪಿನ್ನಿಂಗ್’ ವ್ಯಾಕರಣಕ್ಕೆ ತಪ್ಪಲ್ಲ, ಆದರೆ ಪಾಯದಂಥ ಸ್ಥಾಯಿ ಸಂಗತಿಗೆ ಒಗ್ಗುವುದು ಕಡಿಮೆ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಎಡವುವ ಮೊದಲ ಜಾಗ ಕರ್ತೃಪದ. ‘ಸಚಿವರು ಮಸೂದೆಯನ್ನು ಸಮರ್ಥಿಸಿದರು’ ಎನ್ನಲು ‘ದ ಮಿನಿಸ್ಟರ್ ಅಂಡರ್‌ಪಿನ್ಡ್ ದ ಬಿಲ್’ ಎಂದು ಬರೆಯುವುದುಂಟು. ತಪ್ಪು. ಅಲ್ಲಿಗೆ ‘ಡಿಫೆಂಡೆಡ್’ ಅಥವಾ ‘ಬ್ಯಾಕ್ಡ್’ ಬೇಕು. ಅಂಡರ್‌ಪಿನ್ ಮಾಡುವುದು ತತ್ವ, ಕಾನೂನು, ಒಪ್ಪಂದ, ಬೇಡಿಕೆ, ಹಣದ ಹರಿವು, ನಂಬಿಕೆ ಇಂಥವು. ಮನುಷ್ಯರು ತೀರಾ ವಿರಳ. ಸೂಕ್ಷ್ಮವಾದ ಇನ್ನೊಂದು ತಪ್ಪೂ ಇದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ, 1973ರ ಏಪ್ರಿಲ್ 24ರಂದು, ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ ಸಂವಿಧಾನದ ಮೂಲ ಸಂರಚನೆಯ (ಬೇಸಿಕ್ ಸ್ಟ್ರಕ್ಚರ್) ತತ್ವವನ್ನು, ಅಂದರೆ ಸಂವಿಧಾನದ ಮೂಲ ಲಕ್ಷಣಗಳನ್ನು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂಬುದನ್ನು, ಮುಂದಿಟ್ಟಿತು. ‘ತೀರ್ಪು ಆ ತತ್ವವನ್ನು ಅಂಡರ್‌ಪಿನ್ ಮಾಡಿತು’ ಎಂದರೆ ಪೆಟ್ಟು ತಪ್ಪುತ್ತದೆ. ಹೊಸದನ್ನು ಸ್ಥಾಪಿಸುವುದಕ್ಕೆ ‘ಲೇಡ್ ಡೌನ್’ ಎನ್ನಬೇಕು. ಸಂವಿಧಾನ ತಿದ್ದುಪಡಿಯನ್ನೂ ರದ್ದುಮಾಡುವ ನ್ಯಾಯಾಲಯದ ಅಧಿಕಾರವನ್ನು ಇಂದು ಹೊತ್ತು ನಿಂತಿರುವುದು ಆ ತತ್ವ. ಆದ್ದರಿಂದ ‘ಅಂಡರ್‌ಪಿನ್ಸ್’ಗೆ ಅದೇ ಕರ್ತೃವಾಗಬೇಕು.

ಎರಡನೆಯ ಎಡವು ವಿಭಕ್ತಿಯದು. ನಾವು ‘ಆಧಾರದ ಮೇಲೆ’ ಎನ್ನುವುದರಿಂದ ಕೈ ತಾನಾಗಿ ‘ಅಂಡರ್‌ಪಿನ್ಡ್ ಆನ್’ ಎಂದು ಬರೆಯುತ್ತದೆ. ಸರಿಯಾದುದು ‘ಬೈ’. ‘ಆನ್’ ಬೇಕೇ ಬೇಕೆನಿಸಿದರೆ ‘ಬೇಸ್ಡ್ ಆನ್’, ‘ರೆಸ್ಟ್ಸ್ ಆನ್’ ಇವೆ. ಈ ಪದದ ಬೆನ್ನಿಗೇ ‘ದಟ್’ ಹಚ್ಚಿ ಉಪವಾಕ್ಯ ಬೆಳೆಸುವುದೂ ಸಲ್ಲದು. ನಡುವೆ ಒಂದು ನಾಮಪದ ಬೇಕು. ರಾಜ್ಯ ಸರ್ಕಾರಗಳ ವಜಾ ಕುರಿತ ಎಸ್.ಆರ್. ಬೊಮ್ಮಾಯಿ ಪ್ರಕರಣದ 1994ರ ತೀರ್ಪಿನ ಬಗ್ಗೆ ಬರೆಯುವಾಗ ‘ದ ರೂಲಿಂಗ್ ಈಸ್ ಅಂಡರ್‌ಪಿನ್ಡ್ ಬೈ ದ ವ್ಯೂ ದಟ್ ಫೆಡರಲಿಸಂ ಈಸ್ ಪಾರ್ಟ್ ಆಫ್ ದ ಬೇಸಿಕ್ ಸ್ಟ್ರಕ್ಚರ್’ ಎಂದರೆ ವಾಕ್ಯ ನಿಲ್ಲುತ್ತದೆ. ‘ವ್ಯೂ’ ಬದಲು ‘ಅಸಂಪ್ಷನ್’, ‘ಪ್ರಿನ್ಸಿಪಲ್’, ‘ಬಿಲೀಫ್’ ಕೂಡ ಸಲ್ಲುತ್ತವೆ. ಕರ್ಮಣಿ ಪ್ರಯೋಗ ಕೆಟ್ಟದ್ದೆಂದು ಬೋಧಿಸುವವರ ಮಾತನ್ನು ಇಲ್ಲಿ ಸ್ವಲ್ಪ ಬದಿಗಿಡಿ. ಆಧಾರವನ್ನು ವಿವರಿಸುವ ಭಾಗ ಉದ್ದವಾಗಿದ್ದರೆ ಅದು ವಾಕ್ಯದ ಕೊನೆಗೆ ಹೋಗುವುದೇ ಓದಿಗೆ ಹಿತ, ಅದಕ್ಕೆ ಕರ್ಮಣಿಯೇ ದಾರಿ.

ಕಾಗುಣಿತ: ಒತ್ತು ಕೊನೆಯ ‘ಪಿನ್’ ಮೇಲೆ ಬೀಳುವುದರಿಂದ ‘ಇಡಿ’, ‘ಐಎನ್‌ಜಿ’ ಸೇರುವಾಗ ಎನ್ ಅಕ್ಷರ ಎರಡಾಗುತ್ತದೆ. ನಡುವೆ ಹೈಫನ್ ಇಲ್ಲ. ನಾಮಪದವಾಗಿ ‘ಅಂಡರ್‌ಪಿನ್ನಿಂಗ್ಸ್’ ಎಂಬ ಬಹುವಚನ ಹೆಚ್ಚು ಬಳಕೆಯಲ್ಲಿದೆ.

ಅಕ್ಕಪಕ್ಕದ ಪದಗಳೊಂದಿಗಿನ ಗೊಂದಲ ಇದಕ್ಕಿಂತ ದುಬಾರಿ. ‘ಅಂಡರ್‌ಸ್ಕೋರ್’ ಎಂದರೆ ಒತ್ತಿ ಹೇಳುವುದು. ವರದಿಯೊಂದು ನಿರುದ್ಯೋಗದ ಗಂಭೀರತೆಯನ್ನು ಅಂಡರ್‌ಸ್ಕೋರ್ ಮಾಡುತ್ತದೆ, ಅಂಡರ್‌ಪಿನ್ ಮಾಡುವುದಿಲ್ಲ. ‘ಅಂಡರ್‌ರೈಟ್’ನಲ್ಲಿ ನಷ್ಟವಾದರೆ ನಾನು ಕಟ್ಟಿಕೊಡುತ್ತೇನೆಂಬ ಹೊಣೆ ಇದೆ. ‘ಪ್ರಾಪ್ ಅಪ್’ ಎಂದರೆ ಗೊನೆ ಬಿಟ್ಟು ವಾಲಿದ ಬಾಳೆಗೆ ಕೊಟ್ಟ ಊರುಗೋಲು: ಹೊರಗಿನಿಂದ, ತಾತ್ಕಾಲಿಕವಾಗಿ, ಹೆಚ್ಚಿನ ಸಲ ತುಸು ತಿರಸ್ಕಾರದ ಧ್ವನಿಯಲ್ಲಿ. ಅಲ್ಪಮತದ ಸರ್ಕಾರವನ್ನು ಪಕ್ಷೇತರರು ಪ್ರಾಪ್ ಅಪ್ ಮಾಡುತ್ತಾರೆ. ‘ಅಂಡರ್‌ಪಿನ್’ಗೆ ತದ್ವಿರುದ್ಧವಾದುದು ‘ಅಂಡರ್‌ಮೈನ್’, ಅಂದರೆ ಬುಡ ಸಡಿಲಿಸುವುದು; ಕೋಟೆಗೋಡೆಯ ಅಡಿಗೆ ಸುರಂಗ ತೋಡುವುದರಿಂದ ಬಂದ ಪದ. ವಿಚಿತ್ರವೆಂದರೆ ಅದಕ್ಕೆ ವ್ಯಕ್ತಿ ಕರ್ತೃವಾಗಲು ಅಡ್ಡಿಯೇ ಇಲ್ಲ. ಸಚಿವರು ಒಂದು ಸಂಸ್ಥೆಯ ಸ್ವಾಯತ್ತೆಯನ್ನು ಧಾರಾಳವಾಗಿ ಅಂಡರ್‌ಮೈನ್ ಮಾಡಬಹುದು.

ಮಾರುಕಟ್ಟೆ ವರದಿಗಳಲ್ಲಿ ಪದಕ್ಕೆ ಇನ್ನೂ ಕಿರಿದಾದ ಅರ್ಥವಿದೆ. ಚಿನ್ನದ ಬೆಲೆ ‘ಅಂಡರ್‌ಪಿನ್ಡ್ ಬೈ ಸೇಫ್ ಹೇವನ್ ಡಿಮ್ಯಾಂಡ್’ (ಸುರಕ್ಷಿತ ಹೂಡಿಕೆ ಹುಡುಕುವವರ ಬೇಡಿಕೆ) ಎಂದರೆ ಬೆಲೆ ಜಿಗಿಯಿತು ಎಂದಲ್ಲ, ಕುಸಿಯದಂತೆ ಬೇಡಿಕೆ ತಡೆದು ನಿಲ್ಲಿಸಿತು ಎಂದು. ಏರಿಕೆಯನ್ನು ಹೇಳಬೇಕಿದ್ದರೆ ‘ಲಿಫ್ಟೆಡ್’ ಅಥವಾ ‘ಬೂಸ್ಟೆಡ್’ ಬಳಸಿ.

ಪದ ಸರಿಯಿದ್ದೂ ವಾದ ಸುಳ್ಳಾಗಬಹುದು ಎಂಬುದನ್ನು ಪರೀಕ್ಷಾ ಪ್ರಬಂಧಗಳು ಮರೆಯುತ್ತವೆ. ‘ಅಗ್ರಿಕಲ್ಚರ್ ಅಂಡರ್‌ಪಿನ್ಸ್ ದ ಇಂಡಿಯನ್ ಎಕಾನಮಿ’ ಎಂಬುದು ಸವೆದ ಸಾಲು. ದೇಶದ ಉತ್ಪನ್ನದಲ್ಲಿ ಕೃಷಿಯ ಪಾಲು ಐದರಲ್ಲೊಂದಕ್ಕಿಂತ ಕಡಿಮೆ; ಆದರೆ ದುಡಿಯುವವರಲ್ಲಿ ಅದರ ಪಾಲು ಶೇ. 45ರ ಆಸುಪಾಸು. ಹಾಗಾಗಿ ‘ರೂರಲ್ ಎಂಪ್ಲಾಯ್‌ಮೆಂಟ್’ ಎಂದು ಕರ್ಮಪದವನ್ನು ಕಿರಿದುಮಾಡಿದರೆ ವಾಕ್ಯಕ್ಕೂ ಅಂಕಿಗೂ ಜಗಳವಿರುವುದಿಲ್ಲ. ಹೀಗೆಯೇ ‘ನಂಬಿಕೆ ಪ್ರಜಾಪ್ರಭುತ್ವವನ್ನು ಅಂಡರ್‌ಪಿನ್ ಮಾಡುತ್ತದೆ’ ಎಂದು ಬರೆದು ಮುಂದೆ ಹೋಗಬೇಡಿ. ಯಾರಲ್ಲಿ ಯಾರ ನಂಬಿಕೆ, ಹೇಗೆ ಹೊರುತ್ತದೆ ಎಂಬುದಕ್ಕೆ ಮುಂದಿನ ವಾಕ್ಯದಲ್ಲೇ ಉತ್ತರವಿರಲಿ. 800 ಪದಗಳ ಲೇಖನದಲ್ಲಿ ಈ ಕ್ರಿಯಾಪದ ಒಂದು ಸಲ ಬಂದರೆ ಸಾಕು; ಎರಡನೆಯ ಸಲ ಓದುಗನ ಕಣ್ಣಿಗೆ ಚುಚ್ಚುತ್ತದೆ.

ಕನ್ನಡಕ್ಕೆ ತರುವಾಗ ಒಂದೇ ಪದಕ್ಕೆ ಜೋತುಬೀಳಬೇಕಿಲ್ಲ. ತತ್ವ, ಕಾನೂನಿಗೆ ‘ತಳಹದಿ’ ಅಥವಾ ‘ಬುನಾದಿ’. ಬೆಲೆ, ರೂಪಾಯಿಯ ಮಾತಿಗೆ ‘ಕುಸಿಯದಂತೆ ತಡೆಯಿತು’. ವಾದಸರಣಿಗೆ ‘ಇದರ ಹಿಂದಿರುವ ನಂಬಿಕೆ’. ‘ಬೆನ್ನೆಲುಬು’ ಎಂದು ಬರೆಯುವ ಚಾಳಿ ಇದೆ. ಬೆನ್ನೆಲುಬು ದೇಹದ ಒಳಗಿನ ಭಾಗ, ಪಾಯ ಗೋಡೆಯ ಅಡಿಯದು. ಅದು ‘ಬ್ಯಾಕ್‌ಬೋನ್’ ಬಂದಲ್ಲಿಗೇ ಇರಲಿ. ‘ಅಂಡರ್‌ಪಿನ್ಡ್ ಬೈ’ಯನ್ನು ‘ಇಂದ ಅಡಿಪಾಯಗೊಳಿಸಲ್ಪಟ್ಟ’ ಎಂದು ಎಳೆಯುವುದಕ್ಕಿಂತ ವಾಕ್ಯವನ್ನು ತಿರುಗಿಸಿ ‘ಈ ನೀತಿ ನಿಂತಿರುವುದು ಇದರ ಮೇಲೆ’ ಎಂದುಬಿಡಿ.