ಮರಕ್ಕೆ ಹಲ್ಲು ಬರೆದ ದಿನ

ಒಂದು ಮರ. ಅದರ ಕಾಂಡದಲ್ಲಿ ಕೆಂಪು ವಸಡು, ವಸಡಿನಲ್ಲಿ ಬಿಳಿ ಹಲ್ಲುಗಳು. ಹಳೆಯ ಮೆಕ್ಸಿಕೋದ ಚಿತ್ರಗ್ರಂಥವೊಂದರಿಂದ ಮೊದಲ ಸಲ ನಕಲು ಮಾಡುವಾಗ ಅದನ್ನು ಮರದ ಗಂಟೆಂದು ತಿಳಿದು, ನನಗೆ ತೋಚಿದಂತೆ ತಿದ್ದಿ ಬರೆದುಬಿಟ್ಟಿದ್ದೆ. ಅದು ನಾನು ಮಾಡಿದ ದೊಡ್ಡ ತಪ್ಪು.

ನಾನು ಮೈಸೂರು ಶೈಲಿಯ ಚಿತ್ರ ಬರೆಯುವವಳು. ಮೆಕ್ಸಿಕೋವನ್ನು ಹಿಂದೆ ಆಳಿದ ಅಜ್ಟೆಕ್ ಜನರ ಲಿಪಿಕಾರರ ಕೈ ಹೇಗೆ ಓಡುತ್ತಿತ್ತು ಎಂದು ತಿಳಿಯುವ ಆಸೆಯಿಂದ ಮೆಂಡೋಸಾ ಕೋಡೆಕ್ಸ್‌ನ ಪುಟಗಳನ್ನು ನಕಲು ಮಾಡತೊಡಗಿದೆ. ಸ್ಪೇನಿನವರು ಮೆಕ್ಸಿಕೋ ಗೆದ್ದ ಮೇಲೆ, ಸುಮಾರು 1541ರಲ್ಲಿ, ಅಲ್ಲಿನ ಕಲಾವಿದರೇ ಬರೆದ ಗ್ರಂಥವದು. ಈಗ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ಡಿಜಿಟಲ್ ಪ್ರತಿಯನ್ನು ಹಿಗ್ಗಿಸಿಕೊಂಡು ನೋಡಬಹುದು.

ಆ ಮರ ಕ್ವಾವ್‌ಟಿಟ್ಲಾನ್ ಎಂಬ ಊರಿನ ಹೆಸರು. ಅಜ್ಟೆಕರ ನಹುವಾಟ್ಲ್ ಭಾಷೆಯಲ್ಲಿ ಹಲ್ಲಿಗೆ ‘ಟ್ಲಾಂಟ್ಲಿ’ ಎನ್ನುತ್ತಾರೆ. ಊರ ಹೆಸರಿನ ಕೊನೆಯ ‘ಟ್ಲಾನ್’ ಸದ್ದನ್ನು ಹಿಡಿಯಲು ಹಲ್ಲು ಬರೆದಿದ್ದಾರೆ! ಮಿಡತೆ ಕುಳಿತ ಬೆಟ್ಟ ಬರೆದರೆ ಚಪುಲ್ಟೆಪೆಕ್ ಎಂಬ ಜಾಗ; ಆ ಹೆಸರಿಗೆ ಮಿಡತೆ ಬೆಟ್ಟ ಎಂದೇ ಅರ್ಥ. ಅಲ್ಲಿ ಚಿತ್ರವೇ ಅರ್ಥ. ಇಲ್ಲಿ ಚಿತ್ರ ಬರೀ ಸದ್ದು. ನನಗೆ ಇದು ಮನಸ್ಸಿಗೆ ಇಳಿದದ್ದು ಕನ್ನಡದಲ್ಲಿ ಮಾಡಿ ನೋಡಿದಾಗ. ಆನೇಕಲ್ಲಿಗೆ ಕಲ್ಲಿನ ಮೇಲೆ ಆನೆ ಬರೆದರೆ ಸಾಕು. ಮಾವಿನಹಳ್ಳಿಗೆ? ಮಾವಿನಕಾಯಿಯ ಪಕ್ಕ ಒಂದು ಹಲ್ಲಿ ಬರೆದೆ. ಹಳ್ಳಿಗೂ ಹಲ್ಲಿಗೂ ಅರ್ಥದ ನಂಟಿಲ್ಲ, ಸದ್ದಿನ ನಂಟಿದೆ. ಅಜ್ಟೆಕರ ಬರಹವನ್ನು ಬರೀ ಚಿತ್ರವೆನ್ನುವವರ ಮೇಲೆ ಅಂದಿನಿಂದ ನನಗೆ ಸಿಟ್ಟು.

ಕಷ್ಟವಾದದ್ದು ಗೆರೆ. ನಮ್ಮಲ್ಲಿ ಕುಂಚದ ಗೆರೆ ದಪ್ಪವಾಗಿ ಹೊರಟು ಕೂದಲೆಳೆಯಾಗಿ ಮುಗಿಯಬೇಕು. ಇವರ ಗೆರೆ ಬಹುಮಟ್ಟಿಗೆ ಒಂದೇ ದಪ್ಪ, ಒಳಗೆ ನೆರಳಿಲ್ಲದ ಸಪಾಟು ಬಣ್ಣ. ಕುಂಚ ಬಿಟ್ಟು ಬಿದಿರು ಕಡ್ಡಿ ಹಿಡಿದ ಮೇಲಷ್ಟೇ ಕೈ ಒಗ್ಗಿತು. ಕಪ್ಪಿಗೆ ದೀಪದ ಮಸಿಯನ್ನು ಗೋಂದಿನ ನೀರಿನಲ್ಲಿ ಅರೆದೆ.

ಕೆಂಪಿಗೆ ಕೊಚಿನೀಲ್ ಹುಳು ತರಿಸಿದೆ. ಪಾಪಾಸುಕಳ್ಳಿಯ ಮೇಲೆ ಬದುಕುವ ಹುಳು. ನಹುವಾಟ್ಲ್‌ನಲ್ಲಿ ಅದರ ಹೆಸರಿಗೆ ಕಳ್ಳಿಹಣ್ಣಿನ ರಕ್ತ ಎಂದರ್ಥ. ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿಯೂ ಅಮೆರಿಕಾ ಖಂಡದಿಂದಲೇ ಬಂದದ್ದು. ಒಣ ಹುಳು ನೋಡಲು ಬೂದು ಬಣ್ಣದ ಕಾಳಿನಂತೆ. ಕಲ್ಲಿನಲ್ಲಿ ಕುಟ್ಟಿ, ಬಿಸಿನೀರಿಗೆ ಹಾಕಿ, ಚಿಟಿಕೆ ಪಟಿಕ ಬೆರೆಸಿದೆ. ನೇರಳೆ ಛಾಯೆಯ ಕಡುಗೆಂಪು ಬಂತು. ಒಂದು ಬಟ್ಟಲಿಗೆ ನಿಂಬೆರಸ ಹಿಂಡಿದಾಗ ಅದು ಕಣ್ಣೆದುರೇ ಕಿತ್ತಳೆಗೆ ತಿರುಗಿತು. ‘ಕಪ್ಪು ಮಸಿ, ಕೆಂಪು ಬಣ್ಣ’ ಎಂಬ ಜೋಡಿಮಾತಿಗೆ ಅವರ ಭಾಷೆಯಲ್ಲಿ ಬರಹ, ಅರಿವು ಎಂಬ ಅರ್ಥವಿದೆ. ಎರಡೂ ಬಟ್ಟಲು ಮುಂದಿಟ್ಟುಕೊಂಡು ಕುಳಿತಾಗ ಆ ಮಾತಿನ ತೂಕ ತಿಳಿಯಿತು.

ಈಗ ಕಪ್ಪಕಾಣಿಕೆಯ ಪುಟಗಳಲ್ಲಿದ್ದೇನೆ. ಬಾವುಟ ಎಂದರೆ 20, ಕೂದಲಿನಂಥ ಗರಿ 400, ಚೀಲ 8000. ಬಟ್ಟೆಯ ಗಂಟಿನ ಮೇಲಿನ ಒಂದು ಗರಿ ತಪ್ಪಿಹೋದರೆ ಒಂದು ಊರಿನ 400 ಹೊದಿಕೆಗಳು ಲೆಕ್ಕದಿಂದ ಹೋದಂತೆ. ಹಾಗಾಗಿ ಎಣಿಸಿ, ಮತ್ತೆ ಎಣಿಸಿ, ಆಮೇಲೆ ಕಡ್ಡಿಯನ್ನು ಮಸಿಗೆ ಅದ್ದುತ್ತೇನೆ.